ನಿಲ್ದಾಣ ಕಟ್ಟಿದರು, ಕಥೆ ಕಟ್ಟಲಿಲ್ಲ: ‘ವೆನ್ ದ ಸ್ಟಾರ್ಸ್ ಗಾಸಿಪ್’

ಮೊದಲೇ ಹೇಳಿಬಿಡುತ್ತೇನೆ, ಇದು ಕೆಟ್ಟ ಧಾರಾವಾಹಿ. ದುಡ್ಡಿಲ್ಲದೆ ಕೆಟ್ಟಿದ್ದಲ್ಲ. ಒಳ್ಳೆಯ ನಟರು ಸಿಗದೆ ಕೆಟ್ಟಿದ್ದೂ ಅಲ್ಲ. ಸುಮಾರು 5,000 ಕೋಟಿ ವಾನ್ ಖರ್ಚಾಗಿದೆ ಎಂದು ಸುದ್ದಿಯಾಗಿತ್ತು. ನಮ್ಮ ರೂಪಾಯಿಯಲ್ಲಿ 300 ಕೋಟಿ ಆಸುಪಾಸು. ಲೀ ಮಿನ್-ಹೋ ಇದ್ದಾರೆ, ಗೊಂಗ್ ಹ್ಯೊ-ಜಿನ್ ಇದ್ದಾರೆ. ಇಷ್ಟೆಲ್ಲ ಇಟ್ಟುಕೊಂಡು ಇಷ್ಟು ಕೆಟ್ಟದಾಗಿ ಮಾಡಿದ್ದಾರಲ್ಲ, ಅದಕ್ಕೇ ಬೇಜಾರು ಜಾಸ್ತಿ.

ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ ಇದು 2025ರ ಜನವರಿ 4ರಿಂದ ಫೆಬ್ರವರಿ 23ರವರೆಗೆ ಶನಿವಾರ, ಭಾನುವಾರ ಪ್ರಸಾರವಾಯಿತು. ಒಟ್ಟು 16 ಕಂತು. ನಮಗೆ ನೆಟ್‌ಫ್ಲಿಕ್ಸ್‌ನಲ್ಲಿ ಸಿಕ್ಕಿತು. ಮೊದಲ ವಾರ ಅಲ್ಲಿನ ವೀಕ್ಷಕರ ಲೆಕ್ಕ ಶೇ 4ರ ಹತ್ತಿರ ಬಂದಿತ್ತು. ಆಮೇಲೆ ಅಲ್ಲಿಗೆ ಏರಲೇ ಇಲ್ಲ. ನಾನು ಆಗ ಅರ್ಧಕ್ಕೆ ಬಿಟ್ಟಿದ್ದೆ. ಈ ಸಲ ದಸರಾ ರಜೆಯಲ್ಲಿ ಕೂತು ಪೂರ್ತಿ ನೋಡಿದೆ. ಕೊನೆಯ ಕಂತಿನ ವಿಷಯವನ್ನೂ ಕೆಳಗೆ ಬರೆದಿದ್ದೇನೆ. ನೋಡಬೇಕು ಅಂತ ಇರುವವರು ಇಲ್ಲಿಗೇ ನಿಲ್ಲಿಸಿ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಇರುವುದು ಶಿಡ್ಲಘಟ್ಟದಲ್ಲಿ. ನಮ್ಮ ಶಾಲೆಯ ಹುಡುಗಿಯರಲ್ಲಿ ಕೊರಿಯನ್ ಧಾರಾವಾಹಿ ನೋಡದವರು ಕಡಿಮೆ. ಕೊರಿಯಾ ಅಂದರೆ ಅವರಿಗೆ ದೂರದ ದೇಶವೂ ಅಲ್ಲ. ನಮ್ಮ ಹೆದ್ದಾರಿ ಹಿಡಿದು ಬಾಗೇಪಲ್ಲಿ ದಾಟಿ ಹೋದರೆ ಪೆನುಕೊಂಡದ ಹತ್ತಿರ ಕಿಯಾ ಕಾರಿನ ಕಾರ್ಖಾನೆ ಸಿಗುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಯುವ ಕಥೆ, ಅದೂ ಕೊರಿಯಾದಿಂದ ಬರುತ್ತಿದೆ ಅಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ನಿಲ್ದಾಣದ ಕಮಾಂಡರ್ ಒಬ್ಬ ಹೆಂಗಸು ಅಂತ ಗೊತ್ತಾದಾಗ ಇನ್ನೂ ಖುಷಿ. ತರಗತಿಯಲ್ಲಿ ಇದನ್ನು ತೋರಿಸಿ ಮಾತಾಡಬಹುದು, ನಾನು ಬೋರ್ಡಿನ ಮೇಲೆ ಬರೆದು ಹೇಳುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ ಎಂದುಕೊಂಡಿದ್ದೆ.

ಕಥೆ ಇಷ್ಟು. ಈವ್ ಕಿಮ್ (ಗೊಂಗ್ ಹ್ಯೊ-ಜಿನ್) ನಿಲ್ದಾಣದ ಕಮಾಂಡರ್. ಗೊಂಗ್ ರ್ಯೊಂಗ್ (ಲೀ ಮಿನ್-ಹೋ) ಹೆರಿಗೆ ಡಾಕ್ಟರು. ದುಡ್ಡು ಕಟ್ಟಿದ ಪ್ರವಾಸಿಯ ಹೆಸರಿನಲ್ಲಿ ಅವನು ಮೇಲಕ್ಕೆ ಹೋಗುತ್ತಾನೆ. ಒಳಗಿನ ಕೆಲಸ ಬೇರೆ ಇದೆ. ದೊಡ್ಡ ಕಂಪನಿಯೊಂದರ ಮಾಲೀಕನ ಮನೆತನಕ್ಕೆ ವಾರಸುದಾರ ಬೇಕು. ಅದಕ್ಕಾಗಿ ಬಾಹ್ಯಾಕಾಶದಲ್ಲಿ ಗುಟ್ಟಾಗಿ ಕೃತಕ ಗರ್ಭಧಾರಣೆ ಮಾಡಿಸಬೇಕು. ಆ ಮಾಲೀಕನ ಮಗಳ ಜೊತೆಗೇ ಇವನ ಮದುವೆಯ ಮಾತು. ಮೇಲೆ ಹೋದ ಮೇಲೆ ಕಮಾಂಡರ್ ಮೇಲೆ ಪ್ರೀತಿ.

ಕೇಳಲು ವಿಚಿತ್ರ ಅನ್ನಿಸಿದರೂ ಈ ಕಥೆಯ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ. ಭೂಮಿಯ ಹೊರಗೆ ಜೀವ ಹುಟ್ಟುತ್ತದಾ? ಮನುಷ್ಯ ಮುಂದೆ ಎಂದಾದರೂ ಬೇರೆ ಕಡೆ ಹೋಗಿ ನೆಲೆಸಬೇಕಾದರೆ ಈ ಪ್ರಶ್ನೆಗೆ ಉತ್ತರ ಬೇಕೇ ಬೇಕು. ವಿಜ್ಞಾನಿಗಳು ದಶಕಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಮೇಲೆ ಹೋದ ಮೊದಲ ಪ್ರಾಣಿಗಳು ನಾಯಿಯೂ ಅಲ್ಲ, ಕೋತಿಯೂ ಅಲ್ಲ, ಹಣ್ಣಿನ ನೊಣಗಳು. 1947ರಲ್ಲಿ ಅಮೆರಿಕದವರು ರಾಕೆಟ್‌ನಲ್ಲಿಟ್ಟು ಕಳಿಸಿದರು. 1994ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಜಪಾನಿನ ಮೆಡಾಕ ಎಂಬ ಪುಟ್ಟ ಮೀನುಗಳು ಹೋದವು. ಅವು ಅಲ್ಲಿಯೇ ಕೂಡಿ ಮೊಟ್ಟೆ ಇಟ್ಟವು, ಮರಿಗಳೂ ಆದವು. ಬೆನ್ನೆಲುಬಿರುವ ಪ್ರಾಣಿ ಬಾಹ್ಯಾಕಾಶದಲ್ಲಿ ಸಂತಾನ ಪಡೆದದ್ದು ಅದೇ ಮೊದಲು. ಮುಂದೆ ಜಪಾನಿನ ವಿಜ್ಞಾನಿಗಳು ಇಲಿಯ ವೀರ್ಯವನ್ನು ಒಣಗಿಸಿ ಒಂಬತ್ತು ತಿಂಗಳು ಬಾಹ್ಯಾಕಾಶ ನಿಲ್ದಾಣದಲ್ಲಿ ಇಟ್ಟರು. ಭೂಮಿಗೆ ತಂದು ಬಳಸಿದಾಗ ಆರೋಗ್ಯವಾದ ಮರಿಗಳು ಹುಟ್ಟಿದವು. ಮನುಷ್ಯರ ವಿಷಯದಲ್ಲಿ ಇದು ಯಾವುದೂ ಆಗಿಲ್ಲ. ನಾಸಾದಲ್ಲಿ ಗರ್ಭಿಣಿಯರು ಬಾಹ್ಯಾಕಾಶಕ್ಕೆ ಹೋಗುವ ಹಾಗೂ ಇಲ್ಲ.

ಅಂದರೆ ಬರೆದವರ ಕೈಯಲ್ಲಿ ಬಂಗಾರದಂಥ ವಿಷಯ ಇತ್ತು. ಇಲಿ, ಹಣ್ಣಿನ ನೊಣ ಎಲ್ಲವನ್ನೂ ಕಥೆಯಲ್ಲಿ ತಂದಿದ್ದಾರೆ ಕೂಡ. ಆದರೆ ತಂದು ಮಾಡಿದ್ದೇನು? ಇಲಿಗಳು ಕೂಡುತ್ತವೋ ಇಲ್ಲವೋ ಅಂತ ದೊಡ್ಡವರೆಲ್ಲ ಇಣುಕಿ ನೋಡುವುದು. ಕಿಸಕ್ ಅಂತ ನಗುವುದು. ಎರಡರ್ಥದ ಮಾತು. ಕಂತಿನಿಂದ ಕಂತಿಗೆ ಅದೇ. ಪ್ರಯೋಗ ಏಕೆ ಮಾಡುತ್ತಿದ್ದಾರೆ, ಏನು ತಿಳಿಯಬೇಕು, ತಿಳಿದರೆ ಯಾರಿಗೆ ಉಪಯೋಗ ಎಂಬ ಕುತೂಹಲವನ್ನು ನೋಡುವವರಲ್ಲಿ ಬೆಳೆಸುವುದೇ ಇಲ್ಲ.

ನನಗೆ ಇದು ಯಾಕೆ ಇಷ್ಟು ಚುಚ್ಚಿತು ಅಂತ ಹೇಳಬೇಕು. ನಮ್ಮಮ್ಮ ವರ್ಷಗಟ್ಟಲೆ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ರೈತರಿಗೆ ಕೊಡುವ ರೇಷ್ಮೆ ಹುಳುವಿನ ಮೊಟ್ಟೆ ತಯಾರಾಗುವ ಜಾಗ ಅದು. ಗೂಡು ಸೀಳಿಕೊಂಡು ಬೆಳಗಿನ ಹೊತ್ತು ಚಿಟ್ಟೆಗಳು ಹೊರಗೆ ಬರುತ್ತವೆ. ಹೆಣ್ಣನ್ನು ಗಂಡನ್ನು ಬೇರೆ ಬೇರೆ ಆರಿಸಬೇಕು. ನಮ್ಮ ಕಡೆ ಮಿಶ್ರ ತಳಿಗೆ ಮೈಸೂರು ತಳಿಯ ಹೆಣ್ಣು, ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ) ತಳಿಯ ಗಂಡು. ತಟ್ಟೆಯಲ್ಲಿ ಜೋಡಿ ಬಿಡುತ್ತಾರೆ. ಮೂರು, ನಾಲ್ಕು ಗಂಟೆ ಆದ ಮೇಲೆ ಮೆಲ್ಲಗೆ ಬಿಡಿಸುತ್ತಾರೆ. ಎಳೆದರೆ ಹೆಣ್ಣಿಗೆ ಪೆಟ್ಟಾಗುತ್ತದೆ. ಆಮೇಲೆ ಹೆಣ್ಣನ್ನು ಹಾಳೆಯ ಮೇಲೆ ಬಿಟ್ಟು ಮೊಟ್ಟೆ ಇಡಿಸುತ್ತಾರೆ. ಒಂದೊಂದು ಚಿಟ್ಟೆ ನಾನೂರರ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಇಟ್ಟಾದ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಪೆಬ್ರಿನ್ ರೋಗ ಇದೆಯಾ ಅಂತ. ರೋಗ ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡಬೇಕು. 1860ರ ದಶಕದಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಕಂಡುಹಿಡಿದ ವಿಧಾನ ಇದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ಗೂಡಿನ ಹಿಂದೆ ಇಷ್ಟು ಕೆಲಸ ಇದೆ. ಇದನ್ನೆಲ್ಲ ಮಾಡುವವರು ಹೆಚ್ಚಾಗಿ ಹೆಂಗಸರು. ಯಾರೂ ನಗುವುದಿಲ್ಲ. ತಪ್ಪಾದರೆ ಒಬ್ಬ ರೈತನ ಬೆಳೆಯೇ ಹೋಗುತ್ತದೆ ಅಂತ ಅವರಿಗೆ ಗೊತ್ತು.

ಒಂದು ಸಂಜೆ ಅಮ್ಮ ನನ್ನ ಪಕ್ಕ ಕೂತು ಇಲಿಯ ಒಂದು ದೃಶ್ಯ ನೋಡಿದರು. ಏನು ನಡೆಯುತ್ತಿದೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ನೋಡಿ, ‘ಅದರಲ್ಲಿ ನಗೋದು ಏನಿದೆಯೇ? ಜೋಡಿ ಬಿಟ್ಟರೆ ತಾನೇ ಮೊಟ್ಟೆ?’ ಅಂದರು. ಎದ್ದು ಅಡುಗೆಮನೆಗೆ ಹೋದರು. ಮತ್ತೆ ನೋಡಲು ಬರಲಿಲ್ಲ.

ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬರುತ್ತದೆ. ಆ ಪಾಠ ಮಾಡುವ ಯಾವ ಶಿಕ್ಷಕಿಯನ್ನಾದರೂ ಕೇಳಿ. ಹುಡುಗರು ತಲೆ ತಗ್ಗಿಸಿ ನಗುತ್ತಾರೆ. ಹುಡುಗಿಯರು ಪುಸ್ತಕದಿಂದ ಕಣ್ಣು ಎತ್ತುವುದಿಲ್ಲ. ಇದು ನಾಚಿಕೆಪಡುವ ವಿಷಯ ಅಲ್ಲ, ಜೀವ ಹೇಗೆ ಮುಂದುವರಿಯುತ್ತದೆ ಎನ್ನುವ ವಿಷಯ ಅಂತ ಅವರ ಮನಸ್ಸಿಗೆ ಇಳಿಸಲು ನಾನು ಪ್ರತಿ ವರ್ಷ ಕಷ್ಟಪಡುತ್ತೇನೆ. ಚಿಟ್ಟೆ ಜೋಡಿಯ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ರೇಷ್ಮೆ ಮನೆಯ ಮಕ್ಕಳು ಕೂಡಲೇ ಮಾತಾಡಲು ಶುರು ಮಾಡುತ್ತಾರೆ, ಅವರನ್ನು ನೋಡಿ ಉಳಿದವರಿಗೂ ಧೈರ್ಯ ಬರುತ್ತದೆ. ಇಷ್ಟು ದೊಡ್ಡ ನಟರು, ಇಷ್ಟು ದುಡ್ಡು ಇರುವ ಒಂದು ಧಾರಾವಾಹಿ ಅದೇ ವಿಷಯವನ್ನು ಹಿಡಿದು ನಮ್ಮ ಹಿಂದಿನ ಬೆಂಚಿನ ಹುಡುಗರ ಹಾಗೆ ನಕ್ಕರೆ ನನಗೆ ಕೋಪ ಬರುತ್ತದೆ.

ಒಳ್ಳೆಯದನ್ನೂ ಹೇಳುತ್ತೇನೆ. ನಿಲ್ದಾಣದ ಸೆಟ್ ಬಹಳ ಚೆನ್ನಾಗಿದೆ. ಮೇಲೆ, ಕೆಳಗೆ ಎನ್ನುವುದೇ ಇಲ್ಲದ ಜಾಗದಲ್ಲಿ ಮನುಷ್ಯರು ತೇಲುವುದನ್ನು ಮನಸ್ಸಿಟ್ಟು ತೋರಿಸಿದ್ದಾರೆ. ನಟರನ್ನು ತಂತಿಯಲ್ಲಿ ನೇತುಹಾಕಿ ಚಿತ್ರೀಕರಿಸಿದ್ದು. ಅಷ್ಟು ಹೊತ್ತು ಹಾಗೆ ನೇತಾಡಿಕೊಂಡು ಮುಖದಲ್ಲಿ ಭಾವನೆ ತರುವುದು ಸುಲಭ ಅಲ್ಲ. ಗೊಂಗ್ ಹ್ಯೊ-ಜಿನ್ ಅದನ್ನು ಮಾಡಿದ್ದಾರೆ. ಜವಾಬ್ದಾರಿ ಹೊತ್ತವಳ ದಣಿವು ಅವರ ಕಣ್ಣಲ್ಲಿ ಕಾಣುತ್ತದೆ. ಹಣ್ಣಿನ ನೊಣಗಳ ಸಂಶೋಧಕನಾಗಿ ಓ ಜಂಗ್-ಸೇ ತುಂಬ ಇಷ್ಟವಾದರು. ತನ್ನ ನೊಣಗಳ ಮೇಲೆ ಅವನಿಗೆ ನಿಜವಾದ ಪ್ರೀತಿ ಇದೆ ಅನ್ನಿಸುತ್ತದೆ.

ಆದರೆ ತೇಲುವುದು ಯಾಕೆ? ಆ ಯಾಕೆ ಎಂಬುದೇ ಎಷ್ಟು ಚೆಂದ! ಮೇಲೆ ಗುರುತ್ವ ಇಲ್ಲ ಅಂತ ಜಾಸ್ತಿ ಜನ ನಂಬಿದ್ದಾರೆ. ನಿಜವಾದ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಗುರುತ್ವ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇರುತ್ತದೆ. ನಿಲ್ದಾಣ ಭೂಮಿಯ ಕಡೆ ಬೀಳುತ್ತಲೇ ಇದೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಓಡುತ್ತಿರುವುದರಿಂದ ನೆಲಕ್ಕೆ ಬಡಿಯದೆ ಸುತ್ತುತ್ತಾ ಇರುತ್ತದೆ. ಒಳಗಿದ್ದವರೂ ಅದರ ಜೊತೆಗೇ ಬೀಳುತ್ತಿರುತ್ತಾರೆ, ಅದಕ್ಕೇ ತೇಲುವುದು. ಒಂದೂವರೆ ಗಂಟೆಗೆ ಒಂದು ಸುತ್ತು, ದಿನಕ್ಕೆ ಹದಿನಾರು ಸೂರ್ಯೋದಯ. ದಿನಾ ಎರಡು ಗಂಟೆ ವ್ಯಾಯಾಮ ಮಾಡದೆ ಬಿಟ್ಟರೆ ಮೂಳೆ, ಸ್ನಾಯು ಸವೆಯುತ್ತವೆ. ಇದನ್ನೆಲ್ಲ ಪಾತ್ರಗಳ ಬದುಕಿಗೆ ಹೆಣೆದಿದ್ದರೆ ಎಂಥ ಕಥೆ ಆಗುತ್ತಿತ್ತು! ಇಲ್ಲಿ ತೇಲುವುದು ಮುತ್ತು ಕೊಡುವುದಕ್ಕೆ ಚೆಂದದ ಹಿನ್ನೆಲೆ ಅಷ್ಟೆ.

ಮೇಲಿನ ಕಥೆಗೆ ಸ್ವಲ್ಪ ಬಿಸಿ ಏರಿತು ಅನ್ನುವಷ್ಟರಲ್ಲಿ ಕೆಳಗೆ ಕಂಪನಿ ಮಾಲೀಕನ ಮನೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅಪ್ಪ, ಮಗಳು, ಆಸ್ತಿ, ವಾರಸುದಾರ. ಇಂಥ ಶ್ರೀಮಂತರ ಮನೆಯ ಜಗಳ ಕೊರಿಯನ್ ಧಾರಾವಾಹಿಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಕನ್ನಡ ಧಾರಾವಾಹಿಗಳಲ್ಲೂ ಬೇಕಾದಷ್ಟಿದೆ. ಅದಕ್ಕೆ ರಾಕೆಟ್ ಯಾಕೆ? ನಾಯಕನ ಮನಸ್ಸೂ ಸ್ಪಷ್ಟವಿಲ್ಲ. ಕೆಳಗಿರುವವಳನ್ನು ಮದುವೆ ಆಗಲು ಹೊರಟವನು ಮೇಲಿರುವವಳನ್ನು ಯಾವಾಗ, ಯಾಕೆ ಪ್ರೀತಿಸಲು ಶುರು ಮಾಡಿದ ಎಂದು ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಆಗಿಬಿಟ್ಟಿದೆ, ಒಪ್ಪಿಕೊಳ್ಳಿ ಅನ್ನುವ ಹಾಗಿದೆ. ಕೆಳಗಿನ ಹುಡುಗಿಗೆ ಆಗುವ ಮೋಸವನ್ನು ಯಾರೂ ಮೋಸ ಅಂತ ನೋಡುವುದಿಲ್ಲ.

ಬರೆದವರಿಗೆ ಕೆಲಸದ ಕಥೆ ಹೇಳಲು ಬರುವುದಿಲ್ಲ ಅಂತಲೂ ಅಲ್ಲ. ಇದನ್ನು ಬರೆದ ಸೊ ಸುಕ್-ಹ್ಯಾಂಗ್ ಅವರೇ 2010ರಲ್ಲಿ ‘ಪಾಸ್ತಾ’ ಬರೆದಿದ್ದರು. ನಾಯಕಿ ಇದೇ ಗೊಂಗ್ ಹ್ಯೊ-ಜಿನ್. ಹೋಟೆಲ್ ಅಡುಗೆಮನೆಯಲ್ಲಿ ಮೂರು ವರ್ಷ ಕೈಕೆಲಸ ಮಾಡಿಕೊಂಡಿದ್ದ ಹುಡುಗಿ ಬಾಣಸಿಗಳಾಗುವ ಕಥೆ. ಅದರಲ್ಲೂ ಪ್ರೀತಿ ಇದೆ. ಆದರೆ ಬಾಣಲೆ, ಬೆಂಕಿ, ಬೈಗುಳ, ಕಲಿಕೆ ಇವುಗಳ ನಡುವೆಯೇ ಆ ಪ್ರೀತಿ ಹುಟ್ಟುತ್ತದೆ. ಆ ಹುಡುಗಿ ಕೆಲಸ ಮಾಡುವುದನ್ನು ನೋಡುತ್ತಲೇ ನಾವು ಅವಳ ಪಕ್ಷ ಸೇರಿಬಿಡುತ್ತೇವೆ. ಒಂದು ಅಡುಗೆಮನೆಗೆ ಸಿಕ್ಕ ಗೌರವ ಇಲ್ಲಿ ಒಂದು ಇಡೀ ಬಾಹ್ಯಾಕಾಶ ನಿಲ್ದಾಣಕ್ಕೆ ಸಿಗಲಿಲ್ಲ.

ಈಗ ಕೊನೆಯ ಕಂತು. ಈವ್ ಗರ್ಭಿಣಿಯಾಗುತ್ತಾಳೆ. ಮಗು ಹುಟ್ಟುತ್ತದೆ, ಹೆಣ್ಣು ಮಗು. ಈವ್ ಸಾಯುತ್ತಾಳೆ.

ನನಗೆ ಇದನ್ನು ಕ್ಷಮಿಸಲು ಆಗುತ್ತಿಲ್ಲ. ಒಬ್ಬ ಹೆಂಗಸನ್ನು ಕಮಾಂಡರ್ ಕುರ್ಚಿಯಲ್ಲಿ ಕೂರಿಸಿದರು. ಎಷ್ಟು ವರ್ಷದ ಓದು, ತರಬೇತಿ, ಶಿಸ್ತು ಇದ್ದರೆ ಆ ಕುರ್ಚಿ ಸಿಗುತ್ತದೆ! ಕೊನೆಗೆ ಅವಳಿಗೆ ಉಳಿಸಿದ್ದು ಹೆರುವ ಕೆಲಸ, ಹೆತ್ತು ಸಾಯುವ ಕೆಲಸ. ಅದೂ ನಾಯಕ ಹೆರಿಗೆ ಡಾಕ್ಟರಾಗಿರುವ ಕಥೆಯಲ್ಲಿ. ಹೆರಿಗೆಯಲ್ಲಿ ಹೆಂಗಸರು ಸಾಯುವುದು ನಮ್ಮ ಊರುಗಳಿಗೆ ಹೊಸದಲ್ಲ. ನಮ್ಮಜ್ಜಿಯ ಅಕ್ಕ ಹಾಗೇ ಹೋದರು. ಮನೆಯಲ್ಲಿ ಹೆರಿಗೆ ಆಗುತ್ತಿದ್ದ ಕಾಲ ಅದು. ಅಂಥ ಸಾವನ್ನು ತೋರಿಸಬಾರದು ಅಂತ ನಾನು ಹೇಳುತ್ತಿಲ್ಲ. ತೋರಿಸಿದರೆ ಅದಕ್ಕೆ ಕಾರಣ ಇರಬೇಕು, ಅದರ ನೋವಿಗೆ ಜಾಗ ಇರಬೇಕು. ಇಲ್ಲಿ ಕೊನೆಯ ಕಂತಿನಲ್ಲಿ ಕಣ್ಣೀರು ಬರಿಸಬೇಕಿತ್ತು, ಬರಿಸಲು ಅವಳನ್ನು ಕೊಂದರು. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ಇದು ಪ್ರಸಾರವಾಗುತ್ತಿದ್ದ ಅದೇ ವಾರಗಳಲ್ಲಿ ನಿಜವಾದ ನಿಲ್ದಾಣದಲ್ಲಿ ಏನು ನಡೆಯುತ್ತಿತ್ತು ನೆನಪಿಸಿಕೊಳ್ಳಿ. ಸುನೀತಾ ವಿಲಿಯಮ್ಸ್ ಅಲ್ಲಿದ್ದರು. ಸುಮಾರು ಎಂಟು ದಿನಕ್ಕೆ ಅಂತ 2024ರ ಜೂನ್‌ನಲ್ಲಿ ಹೋದವರು ವಾಪಸ್ ಬಂದದ್ದು 286 ದಿನ ಆದ ಮೇಲೆ, 2025ರ ಮಾರ್ಚ್‌ನಲ್ಲಿ. ಆ ಜನವರಿ, ಫೆಬ್ರವರಿಯಲ್ಲಿ ನಿಲ್ದಾಣದ ಕಮಾಂಡರ್ ಅವರೇ. ಜನವರಿ 30ರಂದು ಹೊರಗೆ ಹೋಗಿ ಕೆಲಸ ಮಾಡಿದರು. ಅಂದಿಗೆ ಅವರು ನಿಲ್ದಾಣದ ಹೊರಗೆ ಕೆಲಸ ಮಾಡಿದ ಒಟ್ಟು ಸಮಯ 62 ಗಂಟೆ 6 ನಿಮಿಷ ಆಯಿತು, ಹೆಂಗಸರಲ್ಲಿ ಅದೇ ದಾಖಲೆ. ನಮ್ಮ ಶಾಲೆಯ ಮಕ್ಕಳು ದಿನಾ ಕೇಳುತ್ತಿದ್ದರು, ‘ಮಿಸ್, ಅವರು ವಾಪಸ್ ಬರ್ತಾರಾ?’ ಅಂತ. ಪೇಪರಿನ ತುಣುಕು ಕತ್ತರಿಸಿ ತರುತ್ತಿದ್ದರು. ನೌಕೆ ಸಮುದ್ರಕ್ಕೆ ಇಳಿದ ಸುದ್ದಿ ಬಂದ ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು. ಆ ಮಕ್ಕಳ ಆತಂಕದ ಒಂದು ಚೂರು ಈ ಧಾರಾವಾಹಿಯಲ್ಲಿ ಇದ್ದಿದ್ದರೂ ಸಾಕಿತ್ತು.

ಕೊರಿಯಾದವರು ಅಷ್ಟು ದೂರ ನೋಡಬೇಕಾಗಿಯೂ ಇರಲಿಲ್ಲ. ಅವರ ದೇಶದಿಂದ ಬಾಹ್ಯಾಕಾಶಕ್ಕೆ ಹೋಗಿಬಂದ ಮೊದಲ ವ್ಯಕ್ತಿಯೇ ಒಬ್ಬ ಹೆಂಗಸು, ಯಿ ಸೋ-ಯಾನ್. 36,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ಮೊದಲು ಆಯ್ಕೆಯಾದದ್ದು ಬೇರೊಬ್ಬರು, ಇವರು ಬದಲಿ. ಹೊರಡುವುದಕ್ಕೆ ಒಂದು ತಿಂಗಳು ಇದೆ ಅನ್ನುವಾಗ ಅವರನ್ನು ಕೈಬಿಟ್ಟು ಇವರನ್ನು ಕಳಿಸಿದರು. 2008ರ ಏಪ್ರಿಲ್‌ನಲ್ಲಿ ರಷ್ಯಾದ ಸೋಯುಜ್ ನೌಕೆಯಲ್ಲಿ ಹೋದರು. ಜೊತೆಗೆ ಏನು ತೆಗೆದುಕೊಂಡು ಹೋಗಿದ್ದರು ಗೊತ್ತಾ? ಪ್ರಯೋಗಕ್ಕೆ ಸುಮಾರು ಸಾವಿರ ಹಣ್ಣಿನ ನೊಣ! ಬಾಹ್ಯಾಕಾಶಕ್ಕೆ ಅಂತಲೇ ತಯಾರಿಸಿದ ಕಿಮ್ಚಿಯೂ ಹೋಗಿತ್ತು. ಆಗ ನಿಲ್ದಾಣದ ಕಮಾಂಡರ್ ಆಗಿದ್ದವರು ಪೆಗ್ಗಿ ವಿಟ್ಸನ್, ಆ ಹುದ್ದೆಗೆ ಏರಿದ ಮೊದಲ ಹೆಂಗಸು. ವಾಪಸ್ ಬರುವಾಗ ನೌಕೆಯಲ್ಲಿದ್ದ ಮೂವರಲ್ಲಿ ಇಬ್ಬರು ಇವರೇ. ಆ ನೌಕೆ ನೆಟ್ಟಗೆ ಇಳಿಯಲಿಲ್ಲ. ದಾರಿ ತಪ್ಪಿ ತುಂಬ ಕಡಿದಾಗಿ ಬಂತು. ಮೈ ಮೇಲೆ ತಮ್ಮದೇ ತೂಕದ ಎಂಟು ಪಟ್ಟು ಭಾರ ಬಿತ್ತು. ಇಳಿಯಬೇಕಾದ ಜಾಗಕ್ಕಿಂತ 400 ಕಿಲೋಮೀಟರಿಗೂ ಹೆಚ್ಚು ಹಿಂದೆ ಇಳಿದರು. ಯಿ ಸೋ-ಯಾನ್ ಬೆನ್ನು ನೋವಿಗೆ ಆಸ್ಪತ್ರೆ ಸೇರಬೇಕಾಯಿತು.

ಇದರಲ್ಲಿ ಏನಿಲ್ಲ ಹೇಳಿ. ಆಸೆ ಇದೆ, ಕಾಯುವುದಿದೆ, ಕೊನೇ ಗಳಿಗೆಯಲ್ಲಿ ಸಿಕ್ಕ ಅವಕಾಶ ಇದೆ, ನೊಣಗಳಿವೆ, ಹೆಂಗಸು ಕಮಾಂಡರ್ ಇದ್ದಾರೆ, ಸಾವಿನ ಹತ್ತಿರ ಹೋಗಿ ಬಂದದ್ದಿದೆ. ಈ ಧಾರಾವಾಹಿ ಮಾಡಿದವರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ, ಅಲ್ವಾ? ಎಲ್ಲ ಪಕ್ಕಕ್ಕಿಟ್ಟು ವಾರಸುದಾರನ ಕಥೆ ಹಿಡಿದರು.

ನಮ್ಮ ಶುಭಾಂಶು ಶುಕ್ಲಾ 2025ರ ಜೂನ್ ಕೊನೆಯಲ್ಲಿ ಹೋದಾಗ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸುವ ಪ್ರಯೋಗ ಮಾಡಿದರು. ಅದನ್ನು ರೂಪಿಸಿದವರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಿದ್ದರು. ನಮ್ಮ ಎಂಟನೇ ತರಗತಿಯವರು ಅದೇ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಟ್ಟರು. ಮೇಲೆ ಬೇರು ಯಾವ ಕಡೆಗೆ ಹೋಗುತ್ತದೆ ಅಂತ ಒಂದು ಹುಡುಗಿ ಕೇಳಿದಳು. ಇಂಥ ಪ್ರಶ್ನೆ 16 ಕಂತಿನಲ್ಲಿ ಎಲ್ಲೂ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ.

ನನ್ನ ಹುಡುಗಿಯರು ನೋಡಬಹುದಾ ಮಿಸ್ ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ. ಮೊದಲ ಎರಡು ಕಂತು ನೋಡಿ. ತೇಲುವುದನ್ನು ನೋಡಿ, ನಿಲ್ದಾಣದ ಒಳಗಿನ ಸಂದುಗೊಂದು ನೋಡಿ. ಅಲ್ಲಿಗೆ ನಿಲ್ಲಿಸಿ, ಯಿ ಸೋ-ಯಾನ್ ಬಗ್ಗೆ ಹುಡುಕಿ ಓದಿ. ಕೆಲಸ ಮಾಡುವ ಹೆಣ್ಣಿನ ಒಳ್ಳೆಯ ಕಥೆ ಬೇಕು ಅಂದರೆ ‘ಪಾಸ್ತಾ’ ನೋಡಿ. ಐದರಲ್ಲಿ ಒಂದೂವರೆ ಸ್ಟಾರ್ ಕೊಡುತ್ತೇನೆ. ಒಂದು ಆ ಸೆಟ್ ಕಟ್ಟಿದವರಿಗೆ, ಅರ್ಧ ಓ ಜಂಗ್-ಸೇಗೆ.